ಕಾಗೆ ಕೂತಿತು, ಕೊಂಬೆ ಮುರಿಯಿತು: ಬರಾವೊ ಬಿದ್ದಿದ್ದು ಮದ್ದು ನಿಂತಿದ್ದಕ್ಕಾ?

"ಬರಾವೊನಾ? ಯುಸಾಡಾ ಬಂತು, ಅವನ ಕಥೆ ಮುಗೀತು."

ಯುಎಫ್‌ಸಿ ನೋಡುವ ಹುಡುಗರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂಬತ್ತು ವರ್ಷ ಸೋಲೇ ಕಾಣದ ಒಬ್ಬ ಮನುಷ್ಯನ ದುಡಿಮೆಗೆ ಆರು ಪದದ ಷರಾ. ಹೇಳುವವನಿಗೆ ಒಳಗಿನ ಗುಟ್ಟು ಗೊತ್ತಿರುವವನ ಗತ್ತು, ಕೇಳುವವನಿಗೆ ಒಗಟು ಬಿಡಿಸಿದ ಸಮಾಧಾನ. ಇಬ್ಬರೂ ತಲೆ ಅಲ್ಲಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ತಾರೀಖು ನೋಡುವ ಗೋಜಿಗೆ ಮಾತ್ರ ಯಾರೂ ಹೋಗುವುದಿಲ್ಲ.

ನೋಡಿದರೆ ತಾರೀಖುಗಳು ಹೊಂದುವುದಿಲ್ಲ. ಅಷ್ಟೇ ಅಲ್ಲ, ಈ ಕಥೆಯನ್ನು ಒಪ್ಪಿಕೊಂಡರೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ, ಅದು ಚಾಪೆ ಕೆಳಗೆ ಹೋಗುತ್ತದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕಾಫಿ ಹಿಡಿದುಕೊಂಡು ಕೂತ್ಕೊಳ್ಳಿ :-)

ಮೊದಲು, ಗೊತ್ತಿಲ್ಲದವರಿಗೆ

ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಅಂದರೆ ಬಾಕ್ಸಿಂಗ್, ಒದೆತ, ಕುಸ್ತಿ, ಜಿಯು-ಜಿತ್ಸು ಎಲ್ಲಾ ಕಲಸಿದ ಕಾದಾಟ. ಅದರಲ್ಲಿ ಎಲ್ಲರಿಗಿಂತ ದೊಡ್ಡ ಕಂಪನಿ ಯುಎಫ್‌ಸಿ. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವ ಪಂದ್ಯ ನಮಗೆ ಭಾನುವಾರ ಬೆಳಿಗ್ಗೆ, ದೋಸೆ ಹೊತ್ತಿಗೆ ಬರುತ್ತದೆ.

ರೆನಾನ್ ಬರಾವೊ ಬ್ರೆಜಿಲ್‌ನ ನತಾಲ್ ಊರಿನವನು, ಹುಟ್ಟಿದ್ದು ಜನವರಿ 1987. ಬರಾವೊ ಅಂದರೆ ಪೋರ್ಚುಗೀಸಿನಲ್ಲಿ ಜಹಗೀರುದಾರ ಅನ್ನುವಂಥ ಅರ್ಥ, ಅದು ಅಡ್ಡಹೆಸರು. 2005ರಲ್ಲಿ ಮೊದಲ ವೃತ್ತಿಪರ ಪಂದ್ಯ ಸೋತ. ಆಮೇಲೆ 2014ರ ಮೇ ತಿಂಗಳವರೆಗೆ ಸೋಲಲೇ ಇಲ್ಲ. 32 ಗೆಲುವು, ಫಲಿತಾಂಶ ರದ್ದಾದ 1 ಪಂದ್ಯ. ಜುಲೈ 2012ರಲ್ಲಿ ಯುರೈಯಾ ಫೇಬರ್‌ನನ್ನು ಸೋಲಿಸಿ 61 ಕೆಜಿ ಚಿಲ್ಲರೆಯ ಬ್ಯಾಂಟಮ್‌ವೇಟ್ ವಿಭಾಗದ ಹಂಗಾಮಿ ಚಾಂಪಿಯನ್ ಆದ. ಮೈಕೇಲ್ ಮೆಕ್‌ಡೊನಾಲ್ಡ್‌ನನ್ನು ಕತ್ತು ಬಿಗಿದು ಸೋಲಿಸಿದ, ಎಡ್ಡಿ ವೈನ್‌ಲ್ಯಾಂಡ್‌ನನ್ನು ತಿರುಗಿ ಒದ್ದು ಉರುಳಿಸಿದ. ಜನವರಿ 2014ರಲ್ಲಿ ಪೂರ್ಣ ಚಾಂಪಿಯನ್ ಅನ್ನಿಸಿಕೊಂಡ. ಫೆಬ್ರವರಿಯಲ್ಲಿ ಫೇಬರ್‌ನನ್ನು ಮತ್ತೆ, ಮೊದಲ ರೌಂಡಿನಲ್ಲೇ ಮುಗಿಸಿದ. ತೂಕದ ಭೇದವಿಲ್ಲದೆ ಜಗತ್ತಿನ ಅತ್ಯುತ್ತಮರು ಯಾರು ಅನ್ನುವ ಪಟ್ಟಿಗಳಲ್ಲಿ ಅವನ ಹೆಸರು ಮೇಲಿನ ಸಾಲಿನಲ್ಲಿತ್ತು.

ಆಮೇಲೆ? ಯುಎಫ್‌ಸಿಯಲ್ಲಿ ಮುಂದಿನ 10 ಪಂದ್ಯಗಳಲ್ಲಿ 8 ಸೋಲು. ಕೊನೆಯ 5 ಒಂದರ ಹಿಂದೊಂದು ಸೋಲು. 2019 ಮುಗಿಯುವ ಹೊತ್ತಿಗೆ ಕಂಪನಿಯಿಂದ ಹೊರಗೆ. ಇಷ್ಟು ಎತ್ತರದಿಂದ, ಇಷ್ಟು ಬೇಗ, ಇಷ್ಟು ಕೆಳಗೆ ಬಿದ್ದವರು ಈ ಆಟದಲ್ಲೇ ಕಡಿಮೆ. ಹಾಗಾಗಿ "ಯಾಕೆ?" ಅನ್ನುವ ಪ್ರಶ್ನೆ ಏಳುವುದು ಸಹಜ. ಪ್ರಶ್ನೆಯ ಬಗ್ಗೆ ನನ್ನ ತಕರಾರಿಲ್ಲ. ಸಿದ್ಧ ಉತ್ತರದ ಬಗ್ಗೆ ಇದೆ.

ಆ ಉತ್ತರದ ನಾಯಕ ಯುಸಾಡಾ, ಅಂದರೆ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ. ಅದಕ್ಕೂ ಮೊದಲು ಅಲ್ಲಿ ಪರೀಕ್ಷೆ ನಡೆಸುತ್ತಿದ್ದವರು ಮುಖ್ಯವಾಗಿ ಆಯಾ ರಾಜ್ಯದ ಕ್ರೀಡಾ ಆಯೋಗಗಳು. ಬಹುಪಾಲು ಪಂದ್ಯದ ಹೊತ್ತಿಗೆ ಒಂದು ಮೂತ್ರ ಪರೀಕ್ಷೆ, ಮುಗೀತು. ಜೂನ್ 2015ರಲ್ಲಿ ಯುಎಫ್‌ಸಿ ಹೊಸ ಯೋಜನೆ ಪ್ರಕಟಿಸಿತು, ಜುಲೈ 1, 2015ರಿಂದ ಯುಸಾಡಾ ಕೆಲಸ ಶುರು ಮಾಡಿತು. ವರ್ಷವಿಡೀ, ಮುನ್ಸೂಚನೆ ಇಲ್ಲದೆ, ಬೆಳಗಿನ ಜಾವ ಮನೆ ಬಾಗಿಲು ತಟ್ಟಿ ರಕ್ತ, ಮೂತ್ರ ತೆಗೆದುಕೊಂಡು ಹೋಗುವ ವ್ಯವಸ್ಥೆ. 2023ರ ಕೊನೆಗೆ ಯುಎಫ್‌ಸಿ ಮತ್ತು ಯುಸಾಡಾ ನಂಟು ಕಡಿದುಹೋಯಿತು, 2024ರಿಂದ ಆ ಕೆಲಸ ಬೇರೆಯವರ ಕೈಗೆ ಹೋಗಿದೆ. ಆದರೆ "ಯುಸಾಡಾ ಬಂತು, ಬಣ್ಣ ಬಯಲಾಯ್ತು" ಅನ್ನುವ ಗಾದೆ ಮಾತ್ರ ಉಳಿದುಕೊಂಡಿದೆ.

ಲಾಗ್ ಫೈಲ್ ತೆಗೆದು ನೋಡೋಣ

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಬಿದ್ದಾಗ ಎಲ್ಲರ ಬೆರಳೂ ಇತ್ತೀಚೆಗೆ ಹಾಕಿದ ಹೊಸ ಕೋಡಿನ ಕಡೆ ತಿರುಗುತ್ತದೆ. ಸಹಜ. ಎಷ್ಟೋ ಸಲ ಅದೇ ಕಾರಣ ಆಗಿಯೂ ಇರುತ್ತದೆ. ಆದರೆ ಬೈಯುವ ಮುಂಚೆ ಮಾಡುವ ಮೊದಲ ಕೆಲಸ ಲಾಗ್ ತೆಗೆದು ಮೊದಲ ಎರರ್ ಬಂದ ಹೊತ್ತು ನೋಡುವುದು. ಕೋಡ್ ಹಾಕುವ ಮುಂಚೆಯೇ ಎರರ್ ಬಂದಿದ್ದರೆ ಅಲ್ಲಿಗೆ ಆ ವಾದ ಮುಗೀತು, ಬೇರೆ ಕಡೆ ಹುಡುಕಬೇಕು.

ಬರಾವೊನ ಲಾಗ್ ಹೀಗಿದೆ:

ಮೇ 24, 2014, ಲಾಸ್ ವೇಗಸ್. ಟಿ.ಜೆ. ಡಿಲಾಶಾ ಎದುರು ಐದನೇ ರೌಂಡಿನಲ್ಲಿ ಸೋಲು. ಪಟ್ಟ ಹೋಯಿತು.

ಆಗಸ್ಟ್ 29, 2014, ಸ್ಯಾಕ್ರಮೆಂಟೊ. ಮರುಪಂದ್ಯದ ಹಿಂದಿನ ದಿನ ತೂಕ ಇಳಿಸುವಾಗ ತಲೆ ಸುತ್ತಿ ಬಿದ್ದ, ಆಸ್ಪತ್ರೆ ಸೇರಿದ. ಅವನ ಜಾಗಕ್ಕೆ ಜೋ ಸೋಟೊ ಬಂದ.

ಡಿಸೆಂಬರ್ 2014. ಬ್ರೆಜಿಲ್‌ನಲ್ಲಿ ಮಿಚ್ ಗ್ಯಾನನ್ ಎದುರು ಗೆಲುವು. ಮೂರನೇ ರೌಂಡಿನವರೆಗೆ ಎಳೆದುಕೊಂಡು ಹೋಯಿತು.

ಜುಲೈ 1, 2015. ಯುಸಾಡಾ ಶುರು.

ಜುಲೈ 25, 2015, ಶಿಕಾಗೊ. ಡಿಲಾಶಾ ಎದುರು ಮತ್ತೆ ಸೋಲು, ಈ ಸಲ ನಾಲ್ಕನೇ ರೌಂಡಿನಲ್ಲಿ.

ಮೊದಲ ಎರರ್ ಯಾವಾಗ ಬಂತು? ಯುಸಾಡಾಕ್ಕಿಂತ ಹದಿಮೂರು ತಿಂಗಳು ಮೊದಲು. ಅದೂ ಸಣ್ಣಪುಟ್ಟ ಎರರ್ ಅಲ್ಲ. ಮೊದಲ ರೌಂಡಿನಲ್ಲೇ ಡಿಲಾಶಾನ ಬಲಗೈ ಗುದ್ದಿಗೆ ನೆಲ ಕಂಡ, ಆಮೇಲೆ ಐದನೇ ರೌಂಡಿನವರೆಗೆ ಏಟು ತಿಂದ. ಅಂದು ಜಗತ್ತು ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದು ಸೋಲಿಗಲ್ಲ, ಸೋತ ರೀತಿಗೆ. ಎರಡನೇ ಸೋಲು ಮೊದಲನೆಯದರ ನಕಲು. ಒಂದೇ ಎದುರಾಳಿ, ಒಂದೇ ಥರದ ತೊಂದರೆ, ಸ್ವಲ್ಪ ಬೇಗ ಮುಗಿಯಿತು, ಅಷ್ಟೇ. ಮೊದಲನೆಯದಕ್ಕೆ ಯುಸಾಡಾ ಕಾರಣವಾಗಲು ಸಾಧ್ಯವೇ ಇಲ್ಲ. ಹಾಗಿದ್ದ ಮೇಲೆ ಅದರ ಹಾಗೇ ಇರುವ ಎರಡನೆಯದಕ್ಕೆ ಯುಸಾಡಾವನ್ನು ಯಾಕೆ ಕರೆಯಬೇಕು?

"ಸರಿ, 2015 ಅಲ್ಲ, 2014 ಅಂತಿಟ್ಕೋ"

ಇಷ್ಟು ಹೇಳಿದರೆ ಒಂದು ಮರುವಾದ ಬರುತ್ತದೆ. ಅದರಲ್ಲಿ ಸ್ವಲ್ಪ ಹುರುಳೂ ಇದೆ, ಹಾಗಾಗಿ ಸರಿಯಾಗಿಯೇ ಹೇಳುತ್ತೇನೆ. 2014ರಲ್ಲೇ ಗಾಳಿ ಬದಲಾಗಿತ್ತು. ಅಲ್ಲಿಯವರೆಗೆ ವೈದ್ಯರ ಚೀಟಿ ತೋರಿಸಿ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳಲು ಅನುಮತಿ ಸಿಗುತ್ತಿತ್ತು, ಟಿಆರ್‌ಟಿ ಅಂತಾರೆ. ಫೆಬ್ರವರಿ 27, 2014ರಂದು ನೆವಾಡಾ ಆಯೋಗ ಅದನ್ನು ನಿಲ್ಲಿಸಿತು, ಯುಎಫ್‌ಸಿಯೂ ಹಿಂದೆಯೇ ನಿಲ್ಲಿಸಿತು. ಅದೇ ಮೇ ತಿಂಗಳಲ್ಲಿ ನೆವಾಡಾದವರು ಹಠಾತ್ ಪರೀಕ್ಷೆಗೆ ಹೋದಾಗ ಚೇಲ್ ಸೊನ್ನೆನ್ ಸಿಕ್ಕಿಬಿದ್ದ, ವಾಂಡರ್ಲೇ ಸಿಲ್ವಾ ಪರೀಕ್ಷೆ ಕೊಡದೆ ಜಾಗ ಖಾಲಿ ಮಾಡಿದ. "ಬರಾವೊನೂ ಹೆದರಿ ಆಗಲೇ ನಿಲ್ಲಿಸಿರಬೇಕು" ಅನ್ನುವುದು ವಾದ.

ಇರಬೇಕು! ಈ "ಇರಬೇಕು" ಅನ್ನುವ ಪದದ ಮೇಲೇ ಇಡೀ ಮನೆ ನಿಂತಿದೆ ನೋಡಿ. ಬರಾವೊ ಟಿಆರ್‌ಟಿ ತಗೊಳ್ಳುತ್ತಿದ್ದ ಎನ್ನಲು ಯಾವ ಆಧಾರವೂ ಇಲ್ಲ. ಯುಎಫ್‌ಸಿಯಲ್ಲಿದ್ದ ಅಷ್ಟೂ ವರ್ಷದಲ್ಲಿ ಮದ್ದಿನ ಕಾರಣಕ್ಕೆ ಒಂದು ಶಿಕ್ಷೆಯೂ ಅವನ ಹೆಸರಿನಲ್ಲಿಲ್ಲ. ಹಳೆಯ ಪರೀಕ್ಷೆಗಳು ಜಳ್ಳು, ಅದರಲ್ಲಿ ಪಾಸಾದವರೆಲ್ಲ ಪತಿವ್ರತೆಯರಲ್ಲ, ಒಪ್ಪುತ್ತೇನೆ. ಆದರೆ "ಪರೀಕ್ಷೆ ಜಳ್ಳು" ಅನ್ನುವುದು ಪರೀಕ್ಷೆಯ ಬಗ್ಗೆ ಹೇಳುವ ಮಾತು, ಬರಾವೊನ ಬಗ್ಗೆ ಹೇಳುವ ಮಾತಲ್ಲ. ಆ ಜಳ್ಳು ಪರೀಕ್ಷೆಯನ್ನು ಅವನನ್ನು ಸೋಲಿಸಿದವರೂ ಬರೆದಿದ್ದಾರೆ, ಅವನು ಸೋಲಿಸಿದವರೂ ಬರೆದಿದ್ದಾರೆ.

ಇನ್ನೊಂದು ವಿಷಯ. 2015 ಹೊಂದಲಿಲ್ಲ ಅಂದಾಗ ತಾರೀಖನ್ನು 2014ಕ್ಕೆ ಎಳೆದರಲ್ಲ, ಒಂದು ವೇಳೆ ಅವನು 2013ರಲ್ಲಿ ಸೋತಿದ್ದರೆ? ಆಗಲೂ ಒಂದು ಕಾರಣ ಹುಡುಕುತ್ತಿದ್ದರು. 2017ರಲ್ಲಿ ಸೋತಿದ್ದರೆ "ಎರಡು ವರ್ಷ ಹೇಗೋ ತಪ್ಪಿಸಿಕೊಂಡ, ಆಮೇಲೆ ಆಗಲಿಲ್ಲ" ಅನ್ನುತ್ತಿದ್ದರು. ಇದು ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಬಿಡಿಸುವ ಜಾತಿ. ಉತ್ತರ ಸರಿ ಬರುತ್ತೆ, ಲೆಕ್ಕ ಮಾತ್ರ ಬರಲ್ಲ.

ಆಧಾರ ಅಂದರೆ ಹೇಗಿರುತ್ತದೆ?

ಮದ್ದಿಗೂ ಆಟಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಅದರ ಆಧಾರ ಹೇಗಿರುತ್ತದೆ ಅಂತ ನೋಡಬೇಕಾದರೆ ವಿಟರ್ ಬೆಲ್‌ಫೋರ್ಟ್‌ನನ್ನು ನೋಡಿ. 2006ರಲ್ಲಿ ಲಾಸ್ ವೇಗಸ್‌ನಲ್ಲಿ ಡ್ಯಾನ್ ಹೆಂಡರ್ಸನ್ ಜೊತೆಗಿನ ಪಂದ್ಯದ ನಂತರ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನು. ಮುಂದೆ ಬಹಿರಂಗವಾಗಿಯೇ ಟಿಆರ್‌ಟಿ ತೆಗೆದುಕೊಂಡ. 2013ರಲ್ಲಿ 36ನೇ ವಯಸ್ಸಿನ ಆಸುಪಾಸು ಬಿಸ್ಪಿಂಗ್, ರಾಕ್‌ಹೋಲ್ಡ್, ಹೆಂಡರ್ಸನ್ ಮೂವರನ್ನೂ ಬ್ರೆಜಿಲ್ ನೆಲದಲ್ಲಿ ತಲೆಗೆ ಒದ್ದು ಕೆಡವಿದ. ಫೆಬ್ರವರಿ 2014ರ ಪರೀಕ್ಷೆಯಲ್ಲಿ ಟೆಸ್ಟೊಸ್ಟೆರಾನ್ ಮಿತಿ ಮೀರಿತ್ತು. ಟಿಆರ್‌ಟಿ ನಿಂತಿತು, ಮೇ 2015ರಲ್ಲಿ ವೈಡ್‌ಮನ್ ಎದುರು ಮೊದಲ ರೌಂಡಿನಲ್ಲೇ ಕುಸಿದ. ಆ ದಿನ ತೂಕದ ಕಟ್ಟೆ ಮೇಲೆ ನಿಂತ ದೇಹ 2013ರ ದೇಹವಾಗಿರಲಿಲ್ಲ.

ಇಲ್ಲಿ ಪರೀಕ್ಷೆಯ ಫಲಿತಾಂಶ ಇದೆ, ಅವನೇ ಒಪ್ಪಿಕೊಂಡ ಔಷಧಿ ಇದೆ, ಶುರುವಾದ ಮತ್ತು ನಿಂತ ಕಾಲ ಇದೆ. ಇಷ್ಟಿದ್ದೂ ಪೂರ್ತಿ ಕಥೆ ಅಲ್ಲ. ವೈಡ್‌ಮನ್ ಎದುರು ನಿಂತಾಗ ಬೆಲ್‌ಫೋರ್ಟ್‌ಗೆ 38 ವರ್ಷ, ಎದುರಿಗಿದ್ದವನು ಅಲ್ಲಿಯವರೆಗೆ ಸೋಲದ ಚಾಂಪಿಯನ್. ಅದೇ ವರ್ಷ ನವೆಂಬರಿನಲ್ಲಿ, ಯುಸಾಡಾ ಬಂದ ಮೇಲೆ, ಟಿಆರ್‌ಟಿ ಇಲ್ಲದೆ, ಹೆಂಡರ್ಸನ್‌ನನ್ನು ಬೆಲ್‌ಫೋರ್ಟ್ ಮತ್ತೆ ತಲೆಗೆ ಒದ್ದೇ ಉರುಳಿಸಿದ. ಅಂದರೆ ದಾಖಲೆ ಕಟ್ಟುಗಟ್ಟಲೆ ಇರುವ ಪ್ರಕರಣದಲ್ಲೂ ಮದ್ದು ಕಥೆಯ ಒಂದು ಭಾಗ ಮಾತ್ರ. ಒಂದು ಹಾಳೆಯೂ ಇಲ್ಲದ ಬರಾವೊನ ಪ್ರಕರಣದಲ್ಲಿ ಅದೇ ಇಡೀ ಕಥೆ ಆಗುವುದು ಹೇಗೆ?

ಒಂದೇ ಗರಡಿಯ ಇಬ್ಬರು

"ಬ್ರೆಜಿಲ್‌ನವರೆಲ್ಲಾ ಹಾಗೇ, ಆ ಗರಡಿಯೇ ಹಾಗೆ" ಅನ್ನುವವರಿದ್ದಾರೆ. ಒಂದು ದೇಶಕ್ಕೆ ದೇಶವನ್ನೇ ಒಂದು ವಾಕ್ಯದಲ್ಲಿ ಜೈಲಿಗೆ ಹಾಕುವವರ ಜೊತೆ ಜಗಳ ಆಡಿ ಉಪಯೋಗವಿಲ್ಲ. ಆದರೂ ಗರಡಿ ಮಾತು ಬಂದಿದ್ದರಿಂದ ಹೇಳುತ್ತೇನೆ. ಬರಾವೊ ಸೇರಿದ್ದು ರಿಯೊ ಡಿ ಜನೈರೊದ ನೋವಾ ಉನಿಯಾಂವ್ ತಂಡ, ಅದರ ಗುರು ಆಂದ್ರೆ ಪೆಡರ್ನೇರಸ್. ಅದೇ ತಂಡ, ಅದೇ ಗುರುವಿನ ಇನ್ನೊಬ್ಬ ಶಿಷ್ಯ ಜೋಸೆ ಆಲ್ಡೊ. ಬರಾವೊನಿಗಿಂತ ಆಲ್ಡೊ ನಾಲ್ಕೈದು ತಿಂಗಳು ದೊಡ್ಡವನು, ಅಷ್ಟೇ.

ಗುಟ್ಟು ಗರಡಿಯದ್ದಾಗಿದ್ದರೆ ಇಬ್ಬರೂ ಒಟ್ಟಿಗೆ ಬೀಳಬೇಕಿತ್ತು. ಆಲ್ಡೊ ಡಿಸೆಂಬರ್ 2015ರಲ್ಲಿ ಮೆಕ್‌ಗ್ರೆಗರ್ ಎದುರು 13 ಸೆಕೆಂಡಿನಲ್ಲಿ ಬಿದ್ದ, ನಿಜ. ಆದರೆ ಮುಂದಿನ ಜುಲೈನಲ್ಲಿ ಫ್ರಾಂಕಿ ಎಡ್ಗರ್‌ನನ್ನು ಪಾಠ ಹೇಳಿಕೊಟ್ಟ ಹಾಗೆ ಸೋಲಿಸಿದ. 2017ರಲ್ಲಿ ಹಾಲೊವೇಗೆ ಎರಡು ಸಲ ಸೋತ, ಮತ್ತೆ ಎದ್ದ. 33ನೇ ವಯಸ್ಸಿನಲ್ಲಿ ಒಂದು ವಿಭಾಗ ಕೆಳಗಿಳಿದು ಬರಾವೊನದೇ ತೂಕಕ್ಕೆ ಬಂದ, 2020 ಮತ್ತು 2021ರಲ್ಲಿ ವೆರಾ, ಮುನ್ಯೋಸ್, ಫಾಂಟ್ ಮೂವರನ್ನೂ ಗೆದ್ದ. ಇದೆಲ್ಲಾ ಯುಸಾಡಾದ ಕಣ್ಗಾವಲಿನಲ್ಲೇ. 2023ರಲ್ಲಿ ಯುಎಫ್‌ಸಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತು.

ಒಂದೇ ಗುರು, ಒಂದೇ ವಯಸ್ಸು, ಒಂದೇ ಪರೀಕ್ಷೆ. ಒಬ್ಬ ಬಿದ್ದ, ಒಬ್ಬ ನಿಂತ. ಇಬ್ಬರ ನಡುವೆ ಬೇರೆಯಾಗಿದ್ದು ಏನು ಅಂತ ಹುಡುಕಬೇಕೇ ಹೊರತು, ಇಬ್ಬರಿಗೂ ಸಮಾನವಾಗಿದ್ದ ಯುಸಾಡಾವನ್ನು ಹಿಡಿದು ಜಗ್ಗಿದರೆ ಏನು ಸಿಗುತ್ತೆ?

ಇನ್ನು ಗೆದ್ದವನ ಕಥೆ

ಬರಾವೊನನ್ನು ಎರಡು ಸಲ ಕೆಡವಿದ ಡಿಲಾಶಾ ಏನಾದ? ಜನವರಿ 2019ರಲ್ಲಿ ಹೆನ್ರಿ ಸೆಹುಡೊ ಜೊತೆಗಿನ ಪಂದ್ಯದ ಹಿಂದಿನ ದಿನ ಕೊಟ್ಟ ಮಾದರಿಯಲ್ಲಿ ಇಪಿಓ ಸಿಕ್ಕಿತು. ಕೆಂಪು ರಕ್ತಕಣ ಹೆಚ್ಚಿಸಿ ದಮ್ಮು ಕೊಡುವ ಮದ್ದು, ಸೈಕಲ್ ರೇಸಿನವರಿಂದ ಕುಖ್ಯಾತವಾದದ್ದು. ಡಿಸೆಂಬರ್ 2018ರ ಮಾದರಿಯನ್ನು ಮತ್ತೆ ಪರೀಕ್ಷಿಸಿದಾಗ ಅದರಲ್ಲೂ ಸಿಕ್ಕಿತು. ಡಿಲಾಶಾ ಒಪ್ಪಿಕೊಂಡ, ಪಟ್ಟ ಬಿಟ್ಟುಕೊಟ್ಟ, ಎರಡು ವರ್ಷ ನಿಷೇಧ ಅನುಭವಿಸಿದ.

ಸಿಕ್ಕಿಬಿದ್ದವನು ಗೆದ್ದವನು. ಅನುಮಾನದ ಷರಾ ಮಾತ್ರ ಸೋತವನ ಹಣೆ ಮೇಲೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನೋದು ಇದಕ್ಕೇ.

ಇಲ್ಲಿ ನನಗೂ ಒಂದು ಆಸೆ ಹುಟ್ಟುತ್ತದೆ: "ಹಾಗಾದರೆ ಡಿಲಾಶಾ 2014ರಲ್ಲೂ ತಗೊಂಡಿರಬೇಕು, ಬರಾವೊ ಸೋತಿದ್ದು ಅದಕ್ಕೇ" ಅಂತ ಬರೆದುಬಿಡಲೇ? ನನ್ನ ಕಥಾನಾಯಕನಿಗೆ ಎಷ್ಟು ಚೆಂದ ಹೊಂದುತ್ತೆ! ಬರೆಯುವುದಿಲ್ಲ. ಡಿಸೆಂಬರ್ 2018, ಜನವರಿ 2019ರ ಮಾದರಿಗಳು ಹೇಳುವುದು ಆ ಎರಡು ತಿಂಗಳ ಬಗ್ಗೆ. 2014ರ ರಾತ್ರಿಯ ಬಗ್ಗೆ ಅವು ಏನೂ ಹೇಳುವುದಿಲ್ಲ. ಬರಾವೊನಿಗೆ ಬೇಡ ಅಂದ "ಇರಬೇಕು" ಡಿಲಾಶಾನಿಗೂ ಬೇಡ. ತಕ್ಕಡಿ ಒಂದೇ ಇರಬೇಕು, ನಮಗೆ ಬೇಕಾದವರಿಗೆ ಬೇರೆ, ಬೇಡದವರಿಗೆ ಬೇರೆ ಆಗಬಾರದು.

ಹಾಗಾದರೆ ಬಿದ್ದಿದ್ದು ಯಾಕೆ?

ಒಂದೇ ಕಾರಣ ಹೇಳು ಅಂದರೆ ಹೇಳಲಾರೆ. ಒಂದೇ ಕಾರಣ ಹೇಳುವವರ ಮೇಲೇ ನನ್ನ ಸಿಟ್ಟು. ಆದರೆ ಕಣ್ಣಿಗೆ ಕಾಣುವ ಕಾರಣಗಳು ಮೂರಿವೆ, ಮೂರಕ್ಕೂ ಮದ್ದಿನ ಹಂಗಿಲ್ಲ.

ಮೊದಲನೆಯದು ಆಟದ್ದೇ. ಬರಾವೊನ ಶೈಲಿ ಎದುರಿಗೆ ನಿಂತವನಿಗೆ ಮಾಡಿಸಿದ್ದು. ಉದ್ದನೆಯ ಎಡಗೈ ಗುದ್ದು, ತೊಡೆಗೆ ಒದೆತ, ಹತ್ತಿರ ಬಂದರೆ ಮೊಣಕಾಲು, ಕುಸ್ತಿಗೆ ಬಂದವರನ್ನು ಒದರಿ ಹಾಕುವ ಸೊಂಟ. ಆದರೆ ಅದಕ್ಕೆ ಎದುರಾಳಿ ಎದುರಿಗೇ ಇರಬೇಕು. ಡಿಲಾಶಾ ಇರಲೇ ಇಲ್ಲ! ಡ್ವೇನ್ ಲಡ್ವಿಗ್ ಅವನಿಗೆ ಕಲಿಸಿದ್ದ ಕಾಲ್ಗೆಲಸವೇ ಬೇರೆ: ಈಗ ಬಲಗಾಲು ಮುಂದೆ, ಮರುಕ್ಷಣ ಎಡಗಾಲು ಮುಂದೆ, ಗುದ್ದುತ್ತಲೇ ಪಕ್ಕಕ್ಕೆ ಸರಿದು ಬೇರೆ ಕೋನದಿಂದ ಮತ್ತೆ ಗುದ್ದು. ಮೊದಲ ಪಂದ್ಯ ಇನ್ನೊಮ್ಮೆ ನೋಡಿ, ಬರಾವೊ ಹೊಡೆಯುವ ಹೊತ್ತಿಗೆ ಅಲ್ಲಿ ಡಿಲಾಶಾ ಇರುವುದಿಲ್ಲ. ಬರಾವೊ ಅವತ್ತು ಬಲಹೀನನಾಗಿದ್ದ ಅನ್ನುವುದಕ್ಕಿಂತ ದಿಕ್ಕು ತಪ್ಪಿದ್ದ ಅನ್ನುವುದು ಸರಿ. ದಿಕ್ಕು ತೋರಿಸುವ ಸ್ಟೀರಾಯ್ಡ್ ಇನ್ನೂ ಬಂದಿಲ್ಲ :-) ಮತ್ತೆ, ಒಬ್ಬ ಚಾಂಪಿಯನ್‌ನ ಬೀಗ ತೆಗೆಯುವ ಬಗೆ ಒಮ್ಮೆ ಟೀವಿಯಲ್ಲಿ ಬಂದ ಮೇಲೆ ಮಿಕ್ಕವರೂ ನೋಡಿಕೊಂಡು ಕಲಿಯುತ್ತಾರೆ.

ಎರಡನೆಯದು ಸವೆತ. 27ನೇ ವಯಸ್ಸು ಸಣ್ಣದು ಅಂತೀರಿ. ಆದರೆ ಅಷ್ಟರಲ್ಲಿ 34 ವೃತ್ತಿಪರ ಪಂದ್ಯ ಆಗಿದ್ದವು, ಅದರ ಹಿಂದೆ ಲೆಕ್ಕವಿಲ್ಲದಷ್ಟು ಗರಡಿಯ ಗುದ್ದಾಟ. ಗಾಡಿಯ ವಯಸ್ಸನ್ನು ಆರ್‌ಸಿ ಪುಸ್ತಕ ನೋಡಿ ಹೇಳಿದರೆ ಸಾಲದು, ಎಷ್ಟು ಕಿಲೋಮೀಟರ್ ಓಡಿದೆ ಅಂತಲೂ ನೋಡಬೇಕು. ಅದರ ಮೇಲೆ ಡಿಲಾಶಾ ಕೊಟ್ಟ ಎರಡು ಹೊಡೆತದ ರಾತ್ರಿಗಳು, ಒಟ್ಟು ಏಳಕ್ಕಿಂತ ಹೆಚ್ಚು ರೌಂಡುಗಳು. ಸಣ್ಣ ತೂಕದ ವಿಭಾಗಗಳಲ್ಲಿ ಬದುಕುವುದೇ ವೇಗದ ಮೇಲೆ. ಕೂದಲೆಳೆಯಷ್ಟು ನಿಧಾನವಾದರೂ ತಪ್ಪಿಸಿಕೊಳ್ಳುತ್ತಿದ್ದ ಗುದ್ದು ಮುಖಕ್ಕೇ ಬರುತ್ತದೆ.

ಹೀಗೆ ಬೀಳುವುದಕ್ಕೆ ಯುಸಾಡಾವೇ ಬರಬೇಕಾಗಿಲ್ಲ. ಚಕ್ ಲಿಡೆಲ್ ಒಂದು ಕಾಲದಲ್ಲಿ ಯುಎಫ್‌ಸಿಯ ಮುಖವೇ ಆಗಿದ್ದವನು. ಮೇ 2007ರಲ್ಲಿ ಕ್ವಿಂಟನ್ ಜಾಕ್ಸನ್ ಅವನನ್ನು ಕೆಡವಿದ. ಅಲ್ಲಿಂದ 2010ರವರೆಗಿನ 6 ಪಂದ್ಯಗಳಲ್ಲಿ 5 ಸೋತ. ಆಗ ಯುಸಾಡಾ ಎಲ್ಲಿತ್ತು? ಕಟ್ಟುನಿಟ್ಟಿನ ಪರೀಕ್ಷೆ ಎಲ್ಲಿತ್ತು? ಅದೇ ಆಕಾರದ ಇಳಿಜಾರು, ಪರೀಕ್ಷೆ ಬಿಗಿಯಾಗುವ ಎಂಟು ವರ್ಷ ಮೊದಲೇ. ಅಲ್ಲಿ ನಾವು "ವಯಸ್ಸಾಯ್ತು, ಏಟು ಜಾಸ್ತಿ ತಿಂದ" ಅಂತ ಮರುಗುತ್ತೇವೆ. 2015ರ ಆಚೀಚೆ ಬಿದ್ದವರಿಗೆ ಮಾತ್ರ ಆ ಮರುಕ ಇಲ್ಲ.

ಮೂರನೆಯದು, ಮತ್ತು ನನ್ನ ನಿಜವಾದ ಸಿಟ್ಟು

ಮೂರನೆಯದು ತೂಕ ಇಳಿಸುವುದು. ಪಂದ್ಯದ ಹಿಂದಿನ ದಿನ ತಕ್ಕಡಿ ಮೇಲೆ 61 ಕೆಜಿ ತೋರಿಸಬೇಕು. ಹಾಗಂತ ಪಂದ್ಯ ಆಡುವವನು 61 ಕೆಜಿ ಇರುವುದಿಲ್ಲ. ಬಿಸಿನೀರಿನ ತೊಟ್ಟಿ, ಸೌನಾ, ಉಪವಾಸ ಅಂತ ಮೈಯ ನೀರನ್ನು ಬತ್ತಿಸಿ ತಕ್ಕಡಿ ಹತ್ತುತ್ತಾರೆ, ಇಳಿದ ಮೇಲೆ ಕುಡಿದು ತಿಂದು ಹಿಗ್ಗುತ್ತಾರೆ. ಬರಾವೊ ತನ್ನ ವಿಭಾಗಕ್ಕೆ ದೊಡ್ಡ ಆಳು. ಆಗಸ್ಟ್ 2014ರಲ್ಲಿ ಅವನು ಕುಸಿದು ತಲೆಗೆ ಪೆಟ್ಟು ಮಾಡಿಕೊಂಡಿದ್ದು ಇದೇ ಕೆಲಸದಲ್ಲಿ. ಅದಕ್ಕೂ ಹನ್ನೊಂದು ತಿಂಗಳು ಮೊದಲು, ಸೆಪ್ಟೆಂಬರ್ 2013ರಲ್ಲಿ, ಅದೇ ನೋವಾ ಉನಿಯಾಂವ್ ತಂಡದ ಲಿಯಾಂಡ್ರೊ ಸೋಜಾ ಅನ್ನುವ 26 ವರ್ಷದ ಹುಡುಗ ರಿಯೊದಲ್ಲಿ ತೂಕ ಇಳಿಸುತ್ತಿದ್ದಾಗ ಕುಸಿದು ಪ್ರಾಣವನ್ನೇ ಬಿಟ್ಟ. ಡಿಸೆಂಬರ್ 2015ರಲ್ಲಿ ಇನ್ನೊಂದು ಸಂಸ್ಥೆಯ ಪಂದ್ಯಕ್ಕೆಂದು ಮನಿಲಾಕ್ಕೆ ಬಂದಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್, 21 ವರ್ಷ, ಹೀಗೇ ಹೋದ.

ಬರಾವೊನ ಮುಂದಿನ ವರ್ಷಗಳಲ್ಲೆಲ್ಲಾ ಈ ತಕ್ಕಡಿ ಬೆನ್ನು ಬಿಡಲಿಲ್ಲ. 2016ರಲ್ಲಿ ಒಂದು ವಿಭಾಗ ಮೇಲೆ ಹೋದ, ಅಲ್ಲಿ ಜೆರೆಮಿ ಸ್ಟೀಫನ್ಸ್‌ನಂಥ ಭಾರದ ಗುದ್ದಿನವರು ಸಿಕ್ಕರು. ಮತ್ತೆ ಕೆಳಗೆ ಬಂದ. ಜುಲೈ 2017ರಲ್ಲಿ ಕ್ಯಾಲಿಫೋರ್ನಿಯಾ ಆಯೋಗ "ನೀನು 135 ಪೌಂಡಿಗೆ ಇಳಿಯುವುದಕ್ಕೆ ನಾವು ಒಪ್ಪುವುದಿಲ್ಲ" ಅಂದಿದ್ದರಿಂದ ಆಲ್ಜಮೇನ್ ಸ್ಟರ್ಲಿಂಗ್ ಜೊತೆಗಿನ ಪಂದ್ಯ 140 ಪೌಂಡಿಗೆ ನಡೆಯಿತು. 2018, 2019ರಲ್ಲಿ ಮತ್ತೆ ತೂಕ ತಪ್ಪಿದ. ಮೇಲೆ ಹೋದರೆ ಚಿಕ್ಕವನು, ಕೆಳಗೆ ಬಂದರೆ ದೇಹ ಕೇಳುವುದಿಲ್ಲ.

ಯುಸಾಡಾ ಪರ ವಾದಿಸುವವರಿಗೆ ಇಲ್ಲಿ ಒಂದು ಸಣ್ಣ ಅಂಕ ಕೊಡಬೇಕು. ಅಕ್ಟೋಬರ್ 2015ರಿಂದ ತೂಕ ನೋಡಿದ ಮೇಲೆ ರಕ್ತನಾಳಕ್ಕೆ ಡ್ರಿಪ್ ಹಾಕಿಸಿಕೊಳ್ಳುವುದನ್ನು ನಿಷೇಧಿಸಿದರು; ಆರು ಗಂಟೆಗೆ 50 ಮಿಲಿಲೀಟರ್‌ಗಿಂತ ಹೆಚ್ಚು ಇಲ್ಲ ಅಂತ ಆಗಿನ ನಿಯಮ. ಬಹಳ ತೂಕ ಇಳಿಸುವವರಿಗೆ ಇದು ಪೆಟ್ಟೇ, ಬರಾವೊನಿಗೂ ಆಗಿರಬಹುದು. ಆದರೆ ಗಮನಿಸಿ: ಡ್ರಿಪ್ ಅಂದರೆ ಉಪ್ಪುನೀರು. ಅದನ್ನು ತಡೆದಿದ್ದಕ್ಕೆ ಸೋತರೆ "ಮದ್ದು ಬಿಟ್ಟಿದ್ದಕ್ಕೆ ಸೋತ" ಅಂತಾಗುವುದಿಲ್ಲ, "ಒಣಗಿದ ದೇಹ ಸರಿಹೋಗದೆ ಸೋತ" ಅಂತಾಗುತ್ತದೆ. ಅದೂ ಅಲ್ಲದೆ ಡಿಲಾಶಾ ಎದುರಿನ ಎರಡೂ ಸೋಲು ಆ ನಿಯಮಕ್ಕಿಂತ ಮೊದಲಿನವು.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಮದ್ದಿನ ಕಥೆಯಲ್ಲಿ ತಪ್ಪಿತಸ್ಥ ಒಬ್ಬನೇ: ಬರಾವೊ. ಮೋಸ ಮಾಡಿದ್ದ, ಸಿಕ್ಕಿಕೊಳ್ಳುವ ಭಯ ಬಂತು, ಬಿದ್ದ, ಶುಭಂ. ಮಿಕ್ಕವರೆಲ್ಲಾ ಮನೆಗೆ ಹೋಗಬಹುದು. ತೂಕದ, ತಲೆಗೆ ಬೀಳುವ ಪೆಟ್ಟುಗಳ ಕಥೆ ಒಪ್ಪಿದರೆ ಹಾಗೆ ಮನೆಗೆ ಹೋಗಲಾಗುವುದಿಲ್ಲ. ಆಗ ವಿಭಾಗಗಳ ನಡುವೆ ಅಷ್ಟು ಅಂತರ ಯಾಕೆ, ತಕ್ಕಡಿ ಹಿಂದಿನ ದಿನವೇ ಯಾಕೆ, ಆಸ್ಪತ್ರೆ ಸೇರಿ ಬಂದವನನ್ನು ಅದೇ ತೂಕಕ್ಕೆ ಮತ್ತೆ ಇಳಿಯಲು ಬಿಟ್ಟವರು ಯಾರು ಅಂತೆಲ್ಲಾ ಕೇಳಬೇಕಾಗುತ್ತದೆ. ಕ್ಯಾಲಿಫೋರ್ನಿಯಾದವರು 2017ರಲ್ಲಿ ಕೇಳಿದರು, ನಿಯಮ ಮಾಡಿದರು. ಯಾಂಗ್ ಸತ್ತ ಮೇಲೆ ಆ ಏಷ್ಯಾದ ಸಂಸ್ಥೆ ತನ್ನ ತೂಕದ ಪದ್ಧತಿಯನ್ನೇ ಬದಲಾಯಿಸಿತು. ಅಂದರೆ ಕೇಳಿದರೆ ಉತ್ತರ ಸಿಗುವ ಪ್ರಶ್ನೆಗಳಿವು. ಮದ್ದಿನ ಹರಟೆಗೆ ಈ ಗುಣ ಇಲ್ಲ, ಅದರಿಂದ ಒಬ್ಬ ಹುಡುಗನ ಜೀವವೂ ಉಳಿಯುವುದಿಲ್ಲ.

ಪರೀಕ್ಷೆ ಬೇಕು. ಬಿಗಿಯಾಗಿಯೇ ಬೇಕು. ಡಿಲಾಶಾ ಸಿಕ್ಕಿದ್ದು ಅದರಿಂದಲೇ. ಆದರೆ ಪರೀಕ್ಷೆಗೆ ಬೆಲೆ ಕೊಡುವುದು ಅಂದರೆ ಅದರ ಫಲಿತಾಂಶಕ್ಕೆ ಬೆಲೆ ಕೊಡುವುದು. ಪಾಸಿಟಿವ್ ಬಂದವನನ್ನು ದೂರುವುದು ಸರಿ. ಫಲಿತಾಂಶವೇ ಇಲ್ಲದವನನ್ನು, ಸೋತ ಅನ್ನುವ ಒಂದೇ ಕಾರಣಕ್ಕೆ ದೂರುವುದಾದರೆ ಪ್ರಯೋಗಾಲಯ ಯಾಕೆ, ಸ್ಕೋರ್‌ಬೋರ್ಡ್ ಸಾಲದಾ? ಆಪಾದನೆ ಮಾಡಿದವನು ಆಧಾರ ತರಬೇಕು. "ತಗೊಂಡಿಲ್ಲ ಅಂತ ನೀನೇ ಸಾಬೀತು ಮಾಡು" ಅಂದರೆ ಬರಾವೊ ಏನು ಮಾಡಿಯಾನು? ಸುಮ್ಮನಿದ್ದರೆ ಒಪ್ಪಿಕೊಂಡ ಅಂತಾರೆ, ಮಾತಾಡಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ.

ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು ಅಂತ ನಮ್ಮ ಕಡೆ ಹೇಳುತ್ತಾರೆ. ಬರಾವೊನ ವಿಷಯದಲ್ಲಿ ಅಷ್ಟೂ ಇಲ್ಲ. ಕೊಂಬೆ ಮುರಿದು ಹದಿಮೂರು ತಿಂಗಳಾದ ಮೇಲೆ ಕಾಗೆ ಬಂದು ಕೂತಿದೆ. ನಾವು ಕಾಗೆಯನ್ನು ನೋಡಿಕೊಂಡು ನಿಂತಿದ್ದೇವೆ, ಕೊಂಬೆಯನ್ನು ಒಳಗಿನಿಂದ ತಿಂದ ಹುಳುವನ್ನು ಯಾರೂ ನೋಡುತ್ತಿಲ್ಲ.

ನೀವೇನಂತೀರಿ? ಬೈಯುವುದಿದ್ದರೂ ಬೈಯಿರಿ, ತಾರೀಖು ಸಮೇತ ಬೈಯಿರಿ :-)